ಹಕ್ಕು ತಂಡದ ಬಳಿಯೇ ಇದ್ದರೂ ಸ್ವೇಮನ್ ಅಷ್ಟು ದೊಡ್ಡ ಒಪ್ಪಂದ ಪಡೆದದ್ದು ಹೇಗೆ?

ನೀವು ಕೇಳಿದ್ದು ಐಸ್ ಹಾಕಿ ತಂಡ ಬಾಸ್ಟನ್ ಬ್ರೂಯಿನ್ಸ್‌ನ ಗೋಲಿ (ಗೋಲ್‌ಕೀಪರ್) ಜೆರೆಮಿ ಸ್ವೇಮನ್ ಬಗ್ಗೆ. 2024ರ ಬೇಸಿಗೆಯಲ್ಲಿ ಅವರು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್, ಅಂದರೆ ಒಪ್ಪಂದ ಮುಗಿದರೂ ಅವರ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುವ ಆಟಗಾರ. ಹೀಗಿದ್ದೂ 8 ವರ್ಷಕ್ಕೆ 6.6 ಕೋಟಿ ಡಾಲರ್ ಹೇಗೆ ಸಿಕ್ಕಿತು ಎನ್ನುವುದು ನಿಮ್ಮ ಪ್ರಶ್ನೆ. ಆ ವರ್ಷದ ಜೂನ್ 24ರಂದು ಬ್ರೂಯಿನ್ಸ್ ತಮ್ಮ ಜುಟ್ಟನ್ನು ತಾವೇ ಅವರ ಕೈಗೆ ಕೊಟ್ಟರು ಎಂಬುದು ನನ್ನ ಖಚಿತ ಅಭಿಪ್ರಾಯ.

ನಿಯಮ ನೋಡಿದರೆ ತಂಡದ್ದೇ ಮೇಲುಗೈ. ಡಿಸೆಂಬರ್ 1ರೊಳಗೆ ಸಹಿ ಹಾಕದಿದ್ದರೆ ಅಂಥ ಆಟಗಾರ ಆ ಸೀಸನ್ ಪೂರ್ತಿ ಎನ್‌ಎಚ್‌ಎಲ್‌ನಲ್ಲಿ (ಬ್ರೂಯಿನ್ಸ್ ಆಡುವ ಐಸ್ ಹಾಕಿ ಲೀಗ್) ಆಡುವಂತಿಲ್ಲ. ಸಹಿ ಬೀಳುವವರೆಗೆ ಸಂಬಳವೂ ಇಲ್ಲ. ಬೇರೆ ತಂಡ ಆಫರ್ ಶೀಟ್ (ತನ್ನ ಕಡೆಯಿಂದ ಒಪ್ಪಂದದ ಪ್ರಸ್ತಾವ) ಕೊಡಬಹುದು, ಆದರೆ ಅದೇ ಮೊತ್ತ ಕೊಟ್ಟು ಆಟಗಾರನನ್ನು ಉಳಿಸಿಕೊಳ್ಳಲು ಹಳೆಯ ತಂಡಕ್ಕೆ 7 ದಿನ ಇರುತ್ತದೆ. ಉಳಿಸಿಕೊಳ್ಳದಿದ್ದರೆ ಹೊಸ ತಂಡ ಹಳೆಯ ತಂಡಕ್ಕೆ ಪರಿಹಾರ ಕೊಡಬೇಕು, ಅದರ ಲೆಕ್ಕದಲ್ಲೂ ಒಂದು ಗಂಟಿದೆ. ಒಪ್ಪಂದ 5 ವರ್ಷಕ್ಕಿಂತ ಉದ್ದವಿದ್ದರೂ ಒಟ್ಟು ಮೊತ್ತವನ್ನು 5ರಿಂದಲೇ ಭಾಗಿಸುತ್ತಾರೆ. ಸ್ವೇಮನ್‌ಗೆ ಕೊನೆಗೆ ಸಿಕ್ಕ ದರದಲ್ಲೇ, ವರ್ಷಕ್ಕೆ 82.5 ಲಕ್ಷ ಡಾಲರ್‌ನಂತೆ, ಬೇರೆ ತಂಡ 7 ವರ್ಷದ ಆಫರ್ ಕೊಟ್ಟಿದ್ದರೆ ಒಟ್ಟು 5.775 ಕೋಟಿ, 5ರಿಂದ ಭಾಗಿಸಿದರೆ 1.155 ಕೋಟಿ. ಆ ವರ್ಷದ ಅತಿ ಮೇಲಿನ ಮಿತಿ ಸುಮಾರು 1.145 ಕೋಟಿ. ಅದನ್ನು ದಾಟಿದರೆ ನಾಲ್ಕು ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರರನ್ನು ಆರಿಸಿಕೊಳ್ಳುವ ಸರದಿ) ತೆರಬೇಕು. ಒಬ್ಬ ಗೋಲಿಗೆ ಅಷ್ಟು ಬೆಲೆ ಕೊಡಲು ಧೈರ್ಯ ಮಾಡುವ ತಂಡ ಸಿಗುವುದು ಕಷ್ಟ.

ಹಾಗಾದರೆ ಸ್ವೇಮನ್ ಕೈಯಲ್ಲಿ ಏನಿತ್ತು? ಮೊದಲನೆಯದು ವಯಸ್ಸು. ಎರಡು ವರ್ಷದ ಒಪ್ಪಂದವಾದರೆ 2026ರ ಜುಲೈಗೆ ಅವರಿಗೆ 27 ತುಂಬಿರುತ್ತಿತ್ತು, ಯಾವ ತಂಡಕ್ಕಾದರೂ ಹೋಗಲು ಪೂರ್ತಿ ಸ್ವತಂತ್ರರಾಗುತ್ತಿದ್ದರು. ಆರ್ಬಿಟ್ರೇಷನ್‌ನಲ್ಲಿ (ಮಧ್ಯಸ್ಥರು ಸಂಬಳ ತೀರ್ಮಾನಿಸುವ ವಿಚಾರಣೆ) ಸಿಗುವುದೂ ಒಂದೋ ಎರಡೋ ವರ್ಷ ಮಾತ್ರ. 2023ರಲ್ಲಿ ಅದೇ ದಾರಿಯಲ್ಲಿ ಅವರಿಗೆ ಒಂದು ವರ್ಷಕ್ಕೆ 34.75 ಲಕ್ಷ ಸಿಕ್ಕಿತ್ತು. ಆ ವಿಚಾರಣೆಯಲ್ಲಿ ತಂಡದ ವಕೀಲರು ಆಟಗಾರನ ಎದುರೇ ಅವನ ಕೊರತೆಗಳನ್ನು ಪಟ್ಟಿ ಮಾಡುತ್ತಾರೆ. ಆ ಕಹಿ ಬೇಗ ಹೋಗುವುದಿಲ್ಲ. 2024ರಲ್ಲಿ ಅವರು ಆ ಕಡೆ ಹೋಗಲಿಲ್ಲ.

ಎರಡನೆಯದು, ನಿಜವಾದ ಅಸ್ತ್ರ: ಬದಲಿ ಗೋಲಿ ಇಲ್ಲದಿರುವುದು. ಸ್ವೇಮನ್ ಸಹಿ ಹಾಕುವ ಮೊದಲೇ, ಆ ಜೂನ್ 24ರಂದು, ತಂಡದ ಇನ್ನೊಬ್ಬ ಗೋಲಿ, 2023ರ ವೆಜಿನಾ ಟ್ರೋಫಿ (ವರ್ಷದ ಅತ್ಯುತ್ತಮ ಗೋಲಿ ಪ್ರಶಸ್ತಿ) ಗೆದ್ದಿದ್ದ ಲೀನಸ್ ಉಲ್‌ಮಾರ್ಕ್ ಅವರನ್ನು ಬ್ರೂಯಿನ್ಸ್ ಒಟ್ಟಾವಾ ತಂಡಕ್ಕೆ ಟ್ರೇಡ್ ಮಾಡಿತು, ಅಂದರೆ ವಿನಿಮಯದಲ್ಲಿ ಬಿಟ್ಟುಕೊಟ್ಟಿತು. ಬದಲಿಗೆ ಬಂದ ಯೋನಸ್ ಕೊರ್ಪಿಸಾಲೋ ಹಿಂದಿನ ಸೀಸನ್‌ನ ಸೇವ್ ಪ್ರಮಾಣ (ಗೋಲಿನತ್ತ ಬಂದ ಹೊಡೆತಗಳಲ್ಲಿ ತಡೆದದ್ದರ ಪಾಲು) .890, ಸ್ವೇಮನ್ ಅವರದು .916. ಫಾರ್ವರ್ಡ್ (ದಾಳಿ ಆಟಗಾರ) ಒಬ್ಬ ಮನೆಯಲ್ಲಿ ಕೂತರೆ ಉಳಿದವರು ಅವನ ನಿಮಿಷಗಳನ್ನು ಹಂಚಿಕೊಳ್ಳುತ್ತಾರೆ. ಗೋಲಿಯ 60 ನಿಮಿಷವನ್ನು ಹಂಚಲು ಬರುವುದಿಲ್ಲ. ಮೊದಲು ಸಹಿ, ಆಮೇಲೆ ಟ್ರೇಡ್ ಆಗಬೇಕಿತ್ತು.

ತಡವಾದಷ್ಟೂ ತಂಡಕ್ಕೂ ಪೆಟ್ಟು. 2018ರಲ್ಲಿ ಟೊರಾಂಟೊ ತಂಡದ ಫಾರ್ವರ್ಡ್ ವಿಲಿಯಂ ನೈಲ್ಯಾಂಡರ್ ಡಿಸೆಂಬರ್ 1ರಂದೇ ಸಹಿ ಹಾಕಿದಾಗ ಟೊರಾಂಟೊಗೆ ಮೊದಲ ಸೀಸನ್‌ನ ಕ್ಯಾಪ್ ಹೊರೆ (ತಂಡದ ಸಂಬಳ ಮಿತಿಯಲ್ಲಿ ಲೆಕ್ಕವಾಗುವ ಮೊತ್ತ) ಒಂದು ಕೋಟಿ ಡಾಲರ್ ದಾಟಿತು. ಮುಂದಿನ ವರ್ಷಗಳಲ್ಲಿ ಅದು ಸುಮಾರು 69.6 ಲಕ್ಷ.

ಸೆಪ್ಟೆಂಬರ್ 30ರಂದು ಬ್ರೂಯಿನ್ಸ್ ಅಧ್ಯಕ್ಷ ಕ್ಯಾಮ್ ನೀಲಿ ಪತ್ರಿಕಾಗೋಷ್ಠಿಯಲ್ಲಿ 6.4 ಕೋಟಿಯ ಮಾತೆತ್ತಿದರು. ಅಂಥ ಆಫರ್ ಬಂದೇ ಇರಲಿಲ್ಲ ಎಂದು ಸ್ವೇಮನ್ ಅವರ ಏಜೆಂಟ್ ಬಹಿರಂಗವಾಗಿ ಅಲ್ಲಗಳೆದರು. ಆದರೆ ಒಮ್ಮೆ ಬಾಯಿಂದ ಬಿದ್ದ ಅಂಕಿ ಮುಂದಿನ ಮಾತುಕತೆಗೆ ತಳಪಾಯವಾಗುತ್ತದೆ. ಆರು ದಿನದಲ್ಲಿ ಅದರ ಮೇಲೆ 20 ಲಕ್ಷ ಸೇರಿ ಸಹಿ ಬಿತ್ತು. ಆಗ ಮೊದಲ ಪಂದ್ಯಕ್ಕೆ ಎರಡೇ ದಿನ ಉಳಿದಿತ್ತು, ತರಬೇತಿ ಶಿಬಿರ ಮುಗಿದಿತ್ತು. ಆ ಸೀಸನ್‌ನಲ್ಲಿ ಸ್ವೇಮನ್ ಸೇವ್ ಪ್ರಮಾಣ .892ಕ್ಕೆ ಇಳಿಯಿತು, ಬ್ರೂಯಿನ್ಸ್ ಪ್ಲೇಆಫ್ (ನಾಕೌಟ್ ಹಂತ) ತಲುಪಲಿಲ್ಲ. ಶಿಬಿರ ತಪ್ಪಿದ್ದೊಂದೇ ಕಾರಣ ಅನ್ನಲಾರೆ, ಡಿಫೆನ್ಸ್ ಕೂಡ ಸೊರಗಿತ್ತು.