ಸಣ್ಣ ಎಂಜಿನ್, ಜೋರು ವೇಗ: ಮನೇಲೇ ಕಟ್ಕೊಳ್ಳೋ ವಿಮಾನದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನಿರೋದು ಅಮೆರಿಕದ ಟೆಕ್ಸಸ್‌ನಲ್ಲಿ, ಪೈಲಟ್ ಲೈಸೆನ್ಸ್ ಆಗಿದೆ. ಗ್ಯಾರೇಜಲ್ಲಿ ಇಬ್ರು ಕೂರೋ ವಿಮಾನ ಕಟ್ಬೇಕು ಅಂತಿದೀನಿ. 100 ಎಚ್‌ಪಿ ಒಳಗಿನ ಎಂಜಿನ್, ಗಂಟೆಗೆ 250 ಕಿ.ಮೀ. ವೇಗ ಬೇಕು, ಪೆಟ್ರೋಲ್ ಕಮ್ಮಿ ಕುಡೀಬೇಕು. ಗೆಳೆಯರು ದೊಡ್ಡ ಎಂಜಿನ್ನೇ ಹಾಕು, ಆಮೇಲೆ ನಿಧಾನಕ್ಕೆ ಓಡಿಸು ಅಂತಾರೆ. ಏನ್ಮಾಡ್ಲಿ?

ಉತ್ತರ: ದೊಡ್ಡ ಎಂಜಿನ್ ಮಾತು ದಯವಿಟ್ಟು ಬಿಟ್ಬಿಡಿ. ಗಾಳಿ ಸೀಳ್ಕೊಂಡು ಹೋಗೋಕೆ ಬೇಕಾಗೋ ಪವರ್ ವೇಗದ ಘನದ ಲೆಕ್ಕದಲ್ಲಿ ಏರುತ್ತೆ, ಹಾಗಾಗಿ ಪವರ್ ಡಬಲ್ ಮಾಡಿದ್ರೂ ವೇಗ ಜಾಸ್ತಿ ಆಗೋದು ನೂರಕ್ಕೆ 26 ಅಷ್ಟೇ, ಪೆಟ್ರೋಲ್ ಮಾತ್ರ ಹೆಚ್ಚುಕಮ್ಮಿ ಡಬಲ್ ಸುಡುತ್ತೆ, ಅದರ ಜೊತೆಗೆ ಎಂಜಿನ್ ತೂಕ, ಆ ತೂಕಕ್ಕೆ ದೊಡ್ಡ ಟ್ಯಾಂಕು, ಅದನ್ನೆಲ್ಲ ಹೊರೋಕೆ ಇನ್ನೂ ಗಟ್ಟಿ ರೆಕ್ಕೆ, ಹೀಗೆ ಬೆಳೀತಾನೇ ಹೋಗುತ್ತೆ. ಅದೇ ಪವರನ್ನ ಕಾಲುಭಾಗ ಇಳಿಸಿ ನೋಡಿ, ವೇಗ ಕಳ್ಕೊಳ್ಳೋದು ನೂರಕ್ಕೆ 9 ಮಾತ್ರ.

ಸಣ್ಣ ಎಂಜಿನ್ನಿಂದ ಎಷ್ಟು ವೇಗ ತೆಗೀಬಹುದು ಅಂತ ತಿಳ್ಕೋಬೇಕಾದ್ರೆ ಕ್ಯಾಲಿಫೋರ್ನಿಯಾದ ಮೈಕ್ ಆರ್ನಾಲ್ಡ್ ಕಟ್ಟಿದ ಎಆರ್-5 ನೋಡ್ಬೇಕು. ಒಬ್ರೇ ಕೂರೋ ವಿಮಾನ, ಬರೀ 65 ಎಚ್‌ಪಿಯ ಟೂ ಸ್ಟ್ರೋಕ್ ರೋಟ್ಯಾಕ್ಸ್ ಎಂಜಿನ್, 1992ರಲ್ಲಿ ಗಂಟೆಗೆ 213 ಮೈಲಿ, ಅಂದ್ರೆ ಸುಮಾರು 343 ಕಿ.ಮೀ. ಹೋಗಿ ಅದರ ತೂಕದ ವರ್ಗದಲ್ಲಿ ವಿಶ್ವದಾಖಲೆ ಮಾಡ್ತು. ಎಂಜಿನ್ನಿಗೆ ಯಾವ ಮಂತ್ರವೂ ಹಾಕಿರ್ಲಿಲ್ಲ. ಚಕ್ರದ ಕವಚ, ರೆಕ್ಕೆ ದೇಹಕ್ಕೆ ಸೇರೋ ಮೂಲೆ, ಎಂಜಿನ್ ತಣ್ಣಗಾಗಿಸೋ ಗಾಳಿ ಒಳಗೆ ಬಂದು ಹೊರಗೆ ಹೋಗೋ ದಾರಿ, ಇವನ್ನ ಒಂದೊಂದಾಗಿ ನಯ ಮಾಡಿದ್ದು, ಅಷ್ಟೇ. ಅದರಲ್ಲೂ ಈ ಕೂಲಿಂಗ್ ಗಾಳಿ ವಿಷಯ ಬಹಳ ಜನ ಕಡೆಗಣಿಸ್ತಾರೆ. ಮುಂದಿನ ತೂತು ಬೇಕಾಬಿಟ್ಟಿ ದೊಡ್ಡದಿಟ್ಟು, ಗಾಳಿ ಸರಾಗವಾಗಿ ಹೊರಗೆ ಹೋಗೋ ದಾರಿ ಮಾಡ್ದೇ ಇದ್ರೆ ನೀವು ಕೊಟ್ಟ ಪೆಟ್ರೋಲಿನಲ್ಲಿ ಒಂದು ಪಾಲು ಅಲ್ಲೇ ಹೋಗುತ್ತೆ.

ಇನ್ನು ಆಯ್ಕೆ. ಜಾನ್ ಮೊನೆಟ್ ಡಿಸೈನ್ ಮಾಡಿದ ಸೋನೆಕ್ಸ್ ಅಲ್ಯೂಮಿನಿಯಂ ವಿಮಾನ, ಫೋಕ್ಸ್‌ವ್ಯಾಗನ್ ಮೂಲದ 80 ಎಚ್‌ಪಿ ಎಂಜಿನ್ನಲ್ಲಿ ಗಂಟೆಗೆ ಸುಮಾರು 210 ಕಿ.ಮೀ. ಆರಾಮಾಗಿ ಹೋಗುತ್ತೆ, ರೆಕ್ಕೆ ಹಿಂದಿನ ಅಂಚಿನ ಫ್ಲಾಪ್ ಇಳಿಸಿದ್ರೆ ವೇಗ 65ರ ಹತ್ತಿರ ಬಂದ ಮೇಲೇ ಸ್ಟಾಲ್ ಆಗೋದು, ಅಂದ್ರೆ ರೆಕ್ಕೆಗೆ ವಿಮಾನ ಹೊರೋ ಶಕ್ತಿ ಹೋಗೋದು. ಫ್ರಾನ್ಸಿನ ಮಿಶೆಲ್ ಕೊಲೊಂಬಾ ಅವರ ಎಂಸಿ-100 ಅಷ್ಟೇ ಎಚ್‌ಪಿಯಲ್ಲಿ 300ರ ಹತ್ತಿರ ಮುಟ್ಟುತ್ತೆ, ಅದ್ಭುತ ಕೆಲಸ, ಆದ್ರೆ ಟೆಕ್ಸಸ್‌ನಲ್ಲಿ ಕೂತು ಕಟ್ಟೋವಾಗ ಏನಾದ್ರೂ ಅನುಮಾನ ಬಂದ್ರೆ ಅಕ್ಕಪಕ್ಕ ಕೇಳೋಕೆ ಯಾರೂ ಸಿಗದೇ ಇರಬಹುದು. ಕೆಆರ್-2 ಅನ್ನೋ ಇನ್ನೊಂದು ವಿಮಾನ ಅಗ್ಗ, ವೇಗಾನೂ ಇದೆ, ಆದ್ರೆ ಇಬ್ರು ದೊಡ್ಡವರು ಕೂತ್ರೆ ಭುಜಕ್ಕೆ ಭುಜ ಒತ್ತುತ್ತೆ, ಬಾಲ ಗಿಡ್ಡ ಆಗಿರೋದ್ರಿಂದ ಕಂಟ್ರೋಲ್ ಸ್ಟಿಕ್ ಸ್ವಲ್ಪ ಮುಟ್ಟಿದ್ರೂ ಮೂತಿ ಮೇಲೆ ಕೆಳಗೆ ಆಡುತ್ತೆ, ಹೊಸಬರಿಗೆ ನಾನು ಹೇಳಲ್ಲ.

ನನ್ನ ಮಾತು ಕೇಳೋದಾದ್ರೆ ಆ 250 ಅನ್ನೋ ಅಂಕಿ ಮೇಲೆ ಇನ್ನೊಂದ್ಸಲ ಯೋಚ್ನೆ ಮಾಡಿ. 400 ಕಿ.ಮೀ. ದೂರಕ್ಕೆ 210ರಲ್ಲಿ 114 ನಿಮಿಷ ಬೇಕು, 250ರಲ್ಲಿ 96 ನಿಮಿಷ. ಆ 18 ನಿಮಿಷಕ್ಕೋಸ್ಕರ ಜೋರಾಗಿ ಇಳಿಯೋ ವಿಮಾನ ಬೇಕಾ? ಎಂಜಿನ್ ನಿಂತು ಹೊಲದಲ್ಲಿ ಇಳಿಸಬೇಕಾದಾಗ ಜೀವ ಉಳ್ಸೋದು ಕಡಿಮೆ ಸ್ಟಾಲ್ ವೇಗ. ವಾರಕ್ಕೊಮ್ಮೆ ಹತ್ತಿರದ ಊರಿಗೆ ಹೋಗಿಬರೋದಾದ್ರೆ ಸೋನೆಕ್ಸ್ ಸಾಕು. ಸಾವಿರ ಕಿ.ಮೀ. ಪ್ರಯಾಣ ಮತ್ತೆ ಮತ್ತೆ ಇದ್ರೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ಯಾರೋ ಕಟ್ಟಿ ಹಾರಿಸಿದ ಲಾಂಗ್-ಈಝಿ ಮಾರಾಟಕ್ಕಿದೆ, ರೇಟೂ ಪರವಾಗಿಲ್ಲ. ತಗೋಬಹುದಾ?

ಉತ್ತರ: ಈ ವಿಮಾನ ಅಂದ್ರೆ ನನಗೆ ತುಂಬಾ ಪ್ರೀತಿ, ಅದಕ್ಕೇ ಸ್ವಲ್ಪ ಜಾಸ್ತಿ ಹೇಳ್ತೀನಿ. ವಿಮಾನ ಡಿಸೈನರ್ ಬರ್ಟ್ ರುಟಾನ್ ಕ್ಯಾಲಿಫೋರ್ನಿಯಾದ ಮೊಹಾವಿಯಲ್ಲಿ 1975ರಲ್ಲಿ ವೇರಿ-ಈಝಿ ಹಾರಿಸಿದ್ರು, 1979ರಲ್ಲಿ ಲಾಂಗ್-ಈಝಿ ಬಂತು. ಪುಟ್ಟ ರೆಕ್ಕೆ ಮುಂದೆ, ದೊಡ್ಡದು ಹಿಂದೆ, ಪ್ರೊಪೆಲ್ಲರ್ ಬಾಲದಲ್ಲಿ. ಲೈಕಮಿಂಗ್‌ನ 115 ಎಚ್‌ಪಿ ಎಂಜಿನ್ನಲ್ಲಿ ಗಂಟೆಗೆ 290 ಕಿ.ಮೀ.ವರೆಗೂ ಹೋಗುತ್ತೆ, ಲೀಟರಿಗೆ ಸುಮಾರು 12 ಕಿ.ಮೀ. ಕೊಡುತ್ತೆ, ಅದೂ ನೇರ ದಾರಿಯಲ್ಲಿ. ನಮ್ಮ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು 1980ರ ದಶಕದಲ್ಲಿ ಕಂಪೋಸಿಟ್ (ಫೈಬರ್‌ಗ್ಲಾಸ್ ಥರದ ನಾರನ್ನ ರೆಸಿನ್ ಅನ್ನೋ ಅಂಟಿನ ಜೊತೆ ಸೇರಿಸಿ ಮಾಡೋ) ಕೆಲಸ ಕಲಿಯೋಕೆ ಇದೇ ಲಾಂಗ್-ಈಝಿ ಆಧಾರದ ಮೇಲೆ ಎಲ್‌ಸಿಆರ್‌ಎ ಅನ್ನೋ ವಿಮಾನ ಕಟ್ಟಿ ಹಾರಿಸಿದ್ರು, ಆಮೇಲೆ ಅವರದ್ದೇ ಹಂಸಾ ವಿಮಾನಾನೂ ಕಂಪೋಸಿಟ್ಟೇ.

ಈಗ ನೋಡ್ಬೇಕಾದ್ದು. ಮೊದಲು ಮುಂದಿನ ರೆಕ್ಕೆ ಯಾವ ಮಾದರಿ ಅಂತ ಕೇಳಿ. ಹಳೇ ಮಾದರಿ ಆದ್ರೆ ಮಳೆ ಹನಿ ಬಿದ್ದ ಕೂಡ್ಲೇ ಲಿಫ್ಟ್ ಕಮ್ಮಿ ಆಗಿ ಮೂತಿ ಕೆಳಗೆ ಹೋಗೋಕೆ ನೋಡುತ್ತೆ, ಜಾನ್ ರೊನ್ಸ್ ಡಿಸೈನ್ ಮಾಡಿದ ಹೊಸ ಮಾದರಿಯಲ್ಲಿ ಆ ತೊಂದ್ರೆ ನಿವಾರಣೆ ಆಯ್ತು. ಎರಡನೇದು ಪೆಟ್ರೋಲ್ ವಾಲ್ವ್ ಎಲ್ಲಿದೆ ಅಂತ. 1997ರ ಅಕ್ಟೋಬರಿನಲ್ಲಿ ಗಾಯಕ ಜಾನ್ ಡೆನ್ವರ್ ಮಾಂಟೆರೇ ಕೊಲ್ಲಿಯಲ್ಲಿ ಬಿದ್ದು ಸತ್ತದ್ದು ಲಾಂಗ್-ಈಝಿಯಲ್ಲೇ. ಅದನ್ನ ಕಟ್ಟಿದವರು ಟ್ಯಾಂಕ್ ಬದಲಾಯಿಸೋ ವಾಲ್ವನ್ನ ನಕ್ಷೆಯಲ್ಲಿದ್ದ ಜಾಗ ಬಿಟ್ಟು ಪೈಲಟ್‌ನ ಎಡಭುಜದ ಹಿಂದೆ ಇಟ್ಟಿದ್ರು, ಅದನ್ನ ತಿರುಗಿಸೋಕೆ ಸೀಟಲ್ಲೇ ಹೊರಳಬೇಕು. ಇಂಥಾ ವಿಮಾನದಲ್ಲಿ ಕಟ್ಟಿದವರು ನಕ್ಷೆಯಿಂದ ಎಲ್ಲೆಲ್ಲಿ ಪಕ್ಕಕ್ಕೆ ಸರಿದಿದ್ದಾರೆ ಅನ್ನೋದೇ ಮುಖ್ಯ ಪ್ರಶ್ನೆ, ಬಣ್ಣ ಹೊಳೆಯೋದಲ್ಲ. ಈ ಮಾದರಿ ಚೆನ್ನಾಗಿ ಗೊತ್ತಿರೋರನ್ನ ಕರ್ಕೊಂಡು ಹೋಗಿ ನೋಡಿ, ಅದಕ್ಕೆ ಆಗೋ ಖರ್ಚಿಗೆ ಹಿಂದೆಮುಂದೆ ನೋಡಬೇಡಿ. ಹಳೇ ಫೈಬರ್‌ಗ್ಲಾಸ್ ಟ್ಯಾಂಕಿಗೆ ಎಥನಾಲ್ ಬೆರೆಸಿದ ಪೆಟ್ರೋಲ್ ಹಾಕಲೇಬೇಡಿ, ರೆಸಿನ್ ಮೆತ್ತಗಾಗೋ ಅಪಾಯ ಇದೆ. ವಿಮಾನದ ವಾರ್ಷಿಕ ತಪಾಸಣೆ ತಾವೇ ಮಾಡ್ಕೊಳ್ಳೋಕೆ ಕಟ್ಟಿದವರಿಗೆ ಸರ್ಕಾರ ಕೊಟ್ಟಿರೋ ರಿಪೇರ್‌ಮನ್ ಸರ್ಟಿಫಿಕೇಟ್ ವಿಮಾನದ ಜೊತೆ ನಿಮಗೆ ಬರಲ್ಲ, ಅದೂ ನೆನಪಿರಲಿ.

ಕೊನೇದು ರನ್‌ವೇ. ಇದಕ್ಕೆ ಫ್ಲಾಪ್ ಇಲ್ಲ, ಜೋರಾಗೇ ಇಳಿಯುತ್ತೆ. ಜಲ್ಲಿ ಕಲ್ಲು ಇದ್ರೆ ಚಕ್ರದಿಂದ ಸಿಡಿದು ಸೀದಾ ಹಿಂದಿನ ಪ್ರೊಪೆಲ್ಲರ್‌ಗೇ ಬಡಿಯುತ್ತೆ. ಸಾವಿರ ಮೀಟರ್ ಹತ್ತಿರದ ಡಾಂಬರು ರನ್‌ವೇ ಇದ್ರೆ ತಗೊಳ್ಳಿ, ಹುಲ್ಲಿನ ಮೈದಾನ ಆದ್ರೆ ಬೇಡ.

ಪ್ರಶ್ನೆ: ಫೋಕ್ಸ್‌ವ್ಯಾಗನ್ ಎಂಜಿನ್ನಾ, ರೋಟ್ಯಾಕ್ಸಾ?

ಉತ್ತರ: ರೋಟ್ಯಾಕ್ಸ್ 912 ಯುಎಲ್‌ಎಸ್ 1352 ಸಿಸಿಯಲ್ಲೇ 100 ಎಚ್‌ಪಿ ಕೊಡುತ್ತೆ, ಸಿಲಿಂಡರ್ ಹೆಡ್‌ಗೆ ನೀರಿನ ಕೂಲಿಂಗ್, ಗೇರ್ ಇರೋದ್ರಿಂದ ಪ್ರೊಪೆಲ್ಲರ್ ನಿಧಾನಕ್ಕೆ ತಿರುಗುತ್ತೆ. ಫೋಕ್ಸ್‌ವ್ಯಾಗನ್ ಮೂಲದ್ದು ಬರೀ ಗಾಳಿಯಲ್ಲೇ ತಣ್ಣಗಾಗ್ಬೇಕು, ಬಿಸಿಲಲ್ಲಿ ಇಬ್ರು ಕೂತು ತುಂಬಾ ಹೊತ್ತು ಮೇಲಕ್ಕೆ ಏರಿಸಿದ್ರೆ ಹೆಡ್ ಕಾಯುತ್ತೆ, ಮೂತಿ ಇಳಿಸಿ ಗಾಳಿ ಕೊಡಬೇಕು. ಆದ್ರೆ ಬೆಲೆ ಬಹಳ ಕಮ್ಮಿ, ನೀವೇ ಬಿಚ್ಚಿ ಜೋಡಿಸಬಹುದು. ವರ್ಷಕ್ಕೆ 50 ಗಂಟೆ ಹಾರೋರಿಗೆ ಪೆಟ್ರೋಲ್ ಉಳಿತಾಯದಲ್ಲಿ ರೋಟ್ಯಾಕ್ಸ್ ದುಡ್ಡು ವಾಪಸ್ ಬರಲ್ಲ. ಸ್ಪ್ಯಾನರ್ ಹಿಡಿಯೋಕೆ ಇಷ್ಟ ಇಲ್ಲದವ್ರು ಮಾತ್ರ ರೋಟ್ಯಾಕ್ಸ್ ಕಡೆ ಹೋಗಿ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದ್ತಿದೀನಿ. ಇಲ್ಲೇ ಇಂಥದ್ದು ಕಟ್ಟಬಹುದಾ?

ಉತ್ತರ: ಕಟ್ಟಬಹುದು, ಹಾರ್ಸೋಕೆ ಪರ್ಮಿಟ್ ತಗೊಳ್ಳೋದೇ ಕಷ್ಟ. ಮುಂಬೈನಲ್ಲಿ ಕ್ಯಾಪ್ಟನ್ ಅಮೋಲ್ ಯಾದವ್ ಮನೆ ತಾರಸಿ ಮೇಲೆ ಆರು ಸೀಟಿನ ವಿಮಾನ ಕಟ್ಟಿದ್ರು, ಹಾರ್ಸೋಕೆ ಪರ್ಮಿಟ್ ಸಿಕ್ಕಿದ್ದು 2019ರಲ್ಲಿ, ಅದಕ್ಕೆ ವರ್ಷಗಟ್ಟಲೆ ಓಡಾಡಬೇಕಾಯ್ತು. ನೀವು ಈಗ ವಿಮಾನಯಾನ ನಿಯಂತ್ರಿಸೋ ಡಿಜಿಸಿಎ ಬಾಗಿಲಿಗೆ ಹೋಗಬೇಡಿ. ಒಂದು ಮೀಟರ್ ಉದ್ದದ ರೆಕ್ಕೆ ತುಂಡನ್ನ ಫೋಮ್ ಕತ್ತರಿಸಿ, ಫೈಬರ್‌ಗ್ಲಾಸ್, ಎಪಾಕ್ಸಿ ಹಾಕಿ ಮಾಡಿ, ತೂಕ ನೋಡಿ, ಮರಳು ಮೂಟೆ ಪೇರಿಸಿ ಮುರಿಯೋವರೆಗೂ ಭಾರ ಹಾಕಿ. ಎಲ್ಲಿ ಮುರೀತು, ಯಾಕೆ ಮುರೀತು ಅಂತ ಬರೆದು ಕಳ್ಸಿ, ಇದೇ ಅಂಕಣದಲ್ಲಿ ಹಾಕ್ತೀವಿ.