ಎಳೆಗೂಸಿನ ಕೈಯಲ್ಲಿ ಕ್ಯಾನುಲಾ: ನಿಮ್ಮ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ಹುಟ್ಟಿದ ಎರಡನೇ ದಿನ ಮಗುವನ್ನು ಐಸಿಯುಗೆ ಸೇರಿಸಿದರು. ಮೂರು ದಿನದಲ್ಲಿ ನಾಲ್ಕು ಕಡೆ ಸೂಜಿ ಬದಲಾಯಿಸಿದ್ದಾರೆ. ನಿನ್ನೆ ನೋಡಿದರೆ ಎಡಗೈ ಬನ್ನಿನ ಹಾಗೆ ಊದಿತ್ತು. ಸಿಸ್ಟರ್ ಕೈ ಪಳಗಿಲ್ಲವೋ, ಮಗುವಿನ ನರವೇ ಸರಿಯಿಲ್ಲವೋ?
— ಶಿರಾದ ಒಬ್ಬ ತಾಯಿ

ಉತ್ತರ: ಬಹುಮಟ್ಟಿಗೆ ಎರಡೂ ಅಲ್ಲ, ತಾಯಿ. ಮಾತಿನಲ್ಲಿ ನಾವು ನರ ಅನ್ನುವುದು ಇಲ್ಲಿ ರಕ್ತನಾಳ. ಎಳೆಗೂಸಿನ ಕೈಯಲ್ಲಿ ಅದು ನೂಲಿನಷ್ಟು ಸಣ್ಣ. ಚುಚ್ಚಿದ ಸೂಜಿ ದಾರಿ ಮಾಡಿಕೊಟ್ಟು ಆಚೆ ಬರುತ್ತದೆ. ಒಳಗೆ ಉಳಿಯುವುದು ಮೆತ್ತನೆಯ ಪ್ಲಾಸ್ಟಿಕ್ ಕೊಳವೆ, ಅದೇ ಕ್ಯಾನುಲಾ. ಹಳದಿ ಬಣ್ಣದ್ದು 24 ಗೇಜ್, ನೇರಳೆಯದು 26 ಗೇಜ್. ಗೇಜ್ ಏರಿದಷ್ಟೂ ಕೊಳವೆ ಸಣ್ಣ. ಎಷ್ಟು ನಾಜೂಕಾಗಿ ಹಾಕಿದರೂ ಒಂದೆರಡು ದಿನದಲ್ಲಿ, ಕೆಲವು ಸಲ ಅರ್ಧ ದಿನಕ್ಕೇ ಲೈನ್, ಅಂದರೆ ಈ ಕೊಳವೆಯ ದಾರಿ, ಕೆಡುತ್ತದೆ. ಮಗು ಕೈ ಆಡಿಸಿದಾಗಲೆಲ್ಲ ಕೊಳವೆಯ ತುದಿ ನಾಳದ ಗೋಡೆಗೆ ಉಜ್ಜುತ್ತದೆ. ಜೊತೆಗೆ ಒಳಗೆ ಹೋಗುವ ಸಕ್ಕರೆ ದ್ರಾವಣವಾದ 10% ಡೆಕ್ಸ್‌ಟ್ರೋಸ್ ರಕ್ತಕ್ಕಿಂತ ಗಾಢ, ಆಂಟಿಬಯಾಟಿಕ್‌ಗಳೂ ನಾಳವನ್ನು ಕೆರಳಿಸುತ್ತವೆ. ಕಡೆಗೆ ಗೋಡೆ ಸೋತು ದ್ರವ ಸುತ್ತಲಿನ ಮಾಂಸಕ್ಕೆ ಇಳಿಯುತ್ತದೆ. ನೀವು ಕಂಡ ಊತ ಅದೇ.

ಲೈನ್ ನಾಳದಿಂದ ಹೊರಬಂದರೆ ದ್ರವ ತಳ್ಳುವ ಪಂಪೇ ಕೂಗಿ ಹೇಳುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಈ ನಂಬಿಕೆ ಅಪಾಯದ್ದು. ಸಿರಿಂಜ್ ಪಂಪ್ ಅಲಾರಂ ಕೊಡುವುದು ಮುಂದಕ್ಕೆ ತಳ್ಳಲಾಗದಷ್ಟು ಒತ್ತಡ ಏರಿದಾಗ. ಮಗುವಿನ ಚರ್ಮದಡಿಯ ಅಂಗಾಂಶ ಎಷ್ಟು ಸಡಿಲವೆಂದರೆ ಗಂಟೆಗೆ 5 ಮಿ.ಲೀ. ಸುಮ್ಮನೆ ನುಂಗಿಕೊಳ್ಳುತ್ತದೆ, ಪಂಪು ಏನೂ ಆಗದವರ ಹಾಗೆ ಓಡುತ್ತಲೇ ಇರುತ್ತದೆ. ಅದಕ್ಕೇ ಗಂಟೆಗೊಮ್ಮೆ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸಬೇಕು ಅನ್ನುವುದು. ಪ್ಲಾಸ್ಟರನ್ನು ಬೆರಳ ತುದಿಗಳು ಕಾಣುವ ಹಾಗೆ, ಕ್ಯಾನುಲಾ ಚರ್ಮ ಹೊಕ್ಕ ಜಾಗದ ಮೇಲೆ ಪಾರದರ್ಶಕ ಟೇಪ್ ಬರುವ ಹಾಗೆ ಹಾಕಬೇಕು. ಕೈಪೂರ್ತಿ ಪ್ಲಾಸ್ಟರ್ ಸುತ್ತಿಟ್ಟರೆ ಊತ ಒಳಗೇ ಮುಚ್ಚಿಹೋಗುತ್ತದೆ.

ಕಾಂಗರೂ ಆರೈಕೆಗೆ ಮಗುವನ್ನು ಎದೆಗೆ ಹಾಕಿಕೊಂಡಾಗ ನೀವೂ ನೋಡಿ. ಎರಡೂ ಕೈ ಪಕ್ಕಪಕ್ಕ ಇಟ್ಟು ಹೋಲಿಸಿ. ಒಂದು ದಪ್ಪಗಾಗಿ ಚರ್ಮ ಮಿರಮಿರ ಮಿಂಚುತ್ತಿದೆಯೇ, ಬಿಳಿಚಿದೆಯೇ, ಮುಟ್ಟಿದರೆ ತಣ್ಣಗಿದೆಯೇ, ಪ್ಲಾಸ್ಟರ್ ಒದ್ದೆಯಾಗಿದೆಯೇ, ಆ ಕೈ ಮುಟ್ಟಿದ ತಕ್ಷಣ ಮಗು ಚೀರುತ್ತದೆಯೇ? ಒಂದು ಕಂಡರೂ ಸಿಸ್ಟರನ್ನು ಕರೆಯಿರಿ, ರಾತ್ರಿ ಎರಡು ಗಂಟೆಯಾದರೂ ಸಂಕೋಚ ಬೇಡ. ಅವರು ಮೊದಲು ಪಂಪ್ ನಿಲ್ಲಿಸಬೇಕು. ಕಟ್ಟಿಕೊಂಡಿದೆಯೇನೋ ಎಂದು ಸಲೈನ್ ತಳ್ಳಿ ನೋಡಬಾರದು. ಒಳಗಿರುವುದನ್ನು ಸಿರಿಂಜಿನಲ್ಲಿ ಮೆಲ್ಲಗೆ ಹಿಂದಕ್ಕೆಳೆದು, ಕ್ಯಾನುಲಾ ತೆಗೆದು, ಕೈಯನ್ನು ಬಟ್ಟೆಯ ಸುರುಳಿಯ ಮೇಲೆ ಎತ್ತರಿಸಿ ಇಡಬೇಕು. ಬರೀ ಡೆಕ್ಸ್‌ಟ್ರೋಸ್, ಸಲೈನ್ ಇಳಿದಿದ್ದರೆ ಊತ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಕ್ಯಾಲ್ಸಿಯಂ ಗ್ಲೂಕೋನೇಟ್ ಹೋಗುತ್ತಿದ್ದ ಲೈನ್ ಆದರೆ ಮಾತೇ ಬೇರೆ: ಅದು ಸೋರಿದರೆ ಚರ್ಮ ಸುಟ್ಟಂತೆ ಕಪ್ಪಾಗಬಹುದು. ಬೊಬ್ಬೆ ಎದ್ದರೆ, ಬಣ್ಣ ಬದಲಾದರೆ ವೈದ್ಯರು ತಡಮಾಡದೆ ನೋಡಬೇಕು. ಹಯಲುರೊನಿಡೇಸ್ ಎಂಬ ಇಂಜೆಕ್ಷನ್ ಸುತ್ತ ಕೊಡುವುದುಂಟು, ಅದು ಮೊದಲ ಗಂಟೆಯೊಳಗೆ ಬಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಹರಳೆಣ್ಣೆ ತಿಕ್ಕುವುದು, ಬಿಸಿ ಬಟ್ಟೆ ಒತ್ತುವುದು ದಯವಿಟ್ಟು ಬೇಡ.

ಇನ್ನು ಚುಚ್ಚುವ ಲೆಕ್ಕ. ಒಬ್ಬರು ಎರಡು ಸಲ ಪ್ರಯತ್ನಿಸಿ ಸಿಗದಿದ್ದರೆ ಮತ್ತೊಬ್ಬರಿಗೆ ಬಿಡುವುದು ಒಳ್ಳೆಯ ಪದ್ಧತಿ. ಚುಚ್ಚುವ ಎರಡು ನಿಮಿಷ ಮೊದಲು ಹಿಂಡಿದ ಎದೆಹಾಲಿನ ಕೆಲವು ಹನಿ ನಾಲಿಗೆಗೆ ಹಾಕಿ, ಬಟ್ಟೆ ಸುತ್ತಿ ಹಿಡಿದುಕೊಂಡರೆ ಮಗುವಿಗೆ ನೋವು ಕಡಿಮೆ. ಬಾಯಿಗೆ ಏನೂ ಕೊಡಬಾರದು ಎಂದು ವೈದ್ಯರು ಹೇಳಿಲ್ಲದಿದ್ದರೆ, ಹಾಲು ಹಾಕಬಹುದೇ ಎಂದು ನೀವೇ ಕೇಳಿ.

ಪ್ರಶ್ನೆ: ಮೊಮ್ಮಗನ ತಲೆಗೂದಲು ಬೋಳಿಸಿ ನೆತ್ತಿಯ ಪಕ್ಕ ಸೂಜಿ ಹಾಕಿದ್ದಾರೆ. ಔಷಧಿ ಮೆದುಳಿಗೆ ಹೋಗುವುದಿಲ್ಲವೇ? ಮನೆದೇವರಿಗೆ ಇನ್ನೂ ಮುಡಿ ಕೊಟ್ಟಿಲ್ಲ.
— ಬಾಗೇಪಲ್ಲಿಯ ಒಬ್ಬ ಅಜ್ಜಿ

ಉತ್ತರ: ಹೋಗುವುದಿಲ್ಲ, ಅಜ್ಜಿ. ಆ ನಾಳ ತಲೆಬುರುಡೆಯ ಹೊರಗೆ, ಚರ್ಮದ ಕೆಳಗೇ ಹರಿಯುತ್ತದೆ. ಕೈಕಾಲಿನ ನಾಳಗಳು ಮುಗಿದಾಗ ಅದು ನೆರವಾಗುತ್ತದೆ. ಹಾಕುವವರು ಬೆರಳಿಟ್ಟು ಮಿಡಿತವಿದೆಯೇ ನೋಡಿಕೊಳ್ಳಬೇಕು. ಮಿಡಿದರೆ ಅದು ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ), ಚುಚ್ಚಬಾರದು. ಕೂದಲು ತೆಗೆಯುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳಲೇಬೇಕು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಎರಡು ಬೆರಳಗಲ ಜಾಗ ಸಾಕು, ಆ ಕೂದಲನ್ನು ಎತ್ತಿಟ್ಟು ಕೊಡಿ ಎಂದು ಕೇಳಬಹುದು. ಮುಡಿಯ ಹೊತ್ತಿಗೆ ಕೂದಲು ಮತ್ತೆ ಬೆಳೆದಿರುತ್ತದೆ.

ಪ್ರಶ್ನೆ: ಏಳು ತಿಂಗಳಿಗೇ ಹುಟ್ಟಿದ ಮಗಳು, 1.1 ಕೆಜಿ. ಹೊಕ್ಕುಳೊಳಗೆ ನಳಿಕೆ ಇಟ್ಟಿದ್ದಾರೆ. ಕೈಗೆ ಹಾಕಬಾರದಿತ್ತೇ?
— ಶ್ರೀನಿವಾಸಪುರದ ಒಬ್ಬ ತಂದೆ

ಉತ್ತರ: ಇಷ್ಟು ಪುಟ್ಟ ಮಗುವಿಗೆ ಹಲವು ದಿನ ಪೋಷಣೆಯೆಲ್ಲ ನಾಳದ ಮೂಲಕವೇ ಹೋಗಬೇಕಾಗಬಹುದು. 12.5%ಕ್ಕಿಂತ ಗಾಢವಾದ ಡೆಕ್ಸ್‌ಟ್ರೋಸನ್ನು ಕೈಯ ನಾಳ ತಾಳುವುದಿಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಜಾಗದಲ್ಲಿ ಮೂರು ಬಾಯಿ ಕಾಣುತ್ತವೆ: ಎರಡು ಸಣ್ಣ, ದಪ್ಪ ಗೋಡೆಯ ಅಪಧಮನಿ, ತಲೆಯ ಕಡೆಗೆ ಒಂದು ಅಗಲ ಬಾಯಿಯ, ತೆಳು ಗೋಡೆಯ ಅಭಿಧಮನಿ (ಹೃದಯದ ಕಡೆಗೆ ರಕ್ತ ಒಯ್ಯುವ ನಾಳ). ಈ ಅಗಲ ಬಾಯಿಯೊಳಗೆ ನಳಿಕೆ ಇಳಿಸುತ್ತಾರೆ. ಬಳ್ಳಿಯಲ್ಲಿ ನೋವಿನ ನರಗಳಿಲ್ಲ, ಹಾಗಾಗಿ ಅಲ್ಲಿ ನೋವಾಗುವುದಿಲ್ಲ. ನಿಮ್ಮ ಮಗಳ ತೂಕಕ್ಕೆ 3.5 ಫ್ರೆಂಚ್ ಅಳತೆಯ ನಳಿಕೆ, ಒಳಗೆ ಹೆಚ್ಚುಕಡಿಮೆ 7 ಸೆಂ.ಮೀ., ಜೊತೆಗೆ ಬಳ್ಳಿಯ ಮೋಟಿನ ಉದ್ದ. ತುದಿ ಯಕೃತ್ತು ದಾಟಿ ಹೃದಯದ ಬಲ ಮೇಲ್ಕೋಣೆಯ ಬಾಗಿಲ ಬಳಿ ನಿಲ್ಲಬೇಕು. ಯಕೃತ್ತಿನೊಳಗೇ ಉಳಿದರೆ ಗಾಢ ದ್ರವ ಅದನ್ನು ಹಾಳುಮಾಡುತ್ತದೆ; ಹೃದಯದೊಳಗೆ ನುಗ್ಗಿದರೆ ಬಡಿತದ ಲಯ ತಪ್ಪಬಹುದು. ಎಕ್ಸ್‌-ರೇ ತೆಗೆಯುವುದು ಇದನ್ನು ನೋಡಲಿಕ್ಕೇ.

ದೊಡ್ಡ ಭಯ ಸೋಂಕಿನದು. ನಳಿಕೆಯ ಬಾಯಿ ತೆರೆಯುವ ಪ್ರತಿ ಸಲವೂ ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡ್ ತಿಕ್ಕಿ ಒಣಗಲು ಬಿಡಬೇಕು. ಸಾಮಾನ್ಯವಾಗಿ ವಾರದೊಳಗೆ, ಹೆಚ್ಚೆಂದರೆ 14 ದಿನದೊಳಗೆ ತೆಗೆಯುತ್ತಾರೆ. ಮುಂದೆಯೂ ಬೇಕಾದರೆ ತೋಳಿನಿಂದ ಉದ್ದನೆಯ ಸಣ್ಣ ಲೈನ್, ಪಿಐಸಿಸಿ, ಹಾಕುತ್ತಾರೆ. ನೀವು ಒಳಹೋಗುವಾಗ ಉಂಗುರ, ಗಡಿಯಾರ, ದಾರ ಬಿಚ್ಚಿ ಮೊಣಕೈವರೆಗೆ ಸೋಪಿನಲ್ಲಿ ತೊಳೆಯಿರಿ. ಹೊಕ್ಕುಳಿಗೆ ಅರಿಶಿನ, ವಿಭೂತಿ ಸೋಕಿಸಬೇಡಿ. ತಾಯಿಯ ಹಾಲು ಹೆಚ್ಚಿದಂತೆ ಡ್ರಿಪ್ ಇಳಿಸುತ್ತ ಬರುತ್ತಾರೆ; ಹಾಲು ದಿನಕ್ಕೆ ಕೆಜಿಗೆ 100ರಿಂದ 120 ಮಿ.ಲೀ. ಮುಟ್ಟಿದರೆ ಲೈನ್ ತೆಗೆಯುವ ಮಾತು ಬರುತ್ತದೆ. ಹಾಗಾಗಿ ಮನೆಯವರು ಎರಡು–ಮೂರು ಗಂಟೆಗೊಮ್ಮೆ ಹಾಲು ಹಿಂಡಲು ನೀವು ಒತ್ತಾಸೆಯಾಗಿರಿ.

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್. ಡ್ರಿಪ್ ಹಾಕಿದ ಮಗುವನ್ನು ಪಂಪ್ ಇಲ್ಲದೆ ತುಮಕೂರಿಗೆ ಕಳಿಸಬೇಕಾಗುತ್ತದೆ. ಹನಿಯ ಲೆಕ್ಕ ಹೇಗೆ?
— ಪಾವಗಡ

ಉತ್ತರ: ಸಣ್ಣ ಹನಿ ಬೀಳಿಸುವ ಮೈಕ್ರೋಡ್ರಿಪ್ ಸೆಟ್ ಇಲ್ಲದೆ ಹೊರಡಬೇಡಿ. ಅದರಲ್ಲಿ 60 ಹನಿಗೆ 1 ಮಿ.ಲೀ.; ಆದ್ದರಿಂದ ಗಂಟೆಗೆ ಎಷ್ಟು ಮಿ.ಲೀ. ಬೇಕೋ ನಿಮಿಷಕ್ಕೆ ಅಷ್ಟೇ ಹನಿ. 2 ಕೆಜಿ ಮಗುವಿಗೆ ಮೊದಲ ದಿನ ಕೆಜಿಗೆ 60ರಂತೆ 120 ಮಿ.ಲೀ., ಅಂದರೆ ಗಂಟೆಗೆ 5. ನಿಮಿಷಕ್ಕೆ 5 ಹನಿ, 12 ಸೆಕೆಂಡಿಗೊಂದು. ದೊಡ್ಡವರ ಸೆಟ್ಟಿನಲ್ಲಿ (20 ಹನಿಗೆ 1 ಮಿ.ಲೀ.) ಇದೇ ವೇಗಕ್ಕೆ 36 ಸೆಕೆಂಡಿಗೊಂದು ಹನಿ ಬೀಳಬೇಕು, ಓಡುವ ಗಾಡಿಯಲ್ಲಿ ಅದನ್ನು ಯಾರೂ ಹಿಡಿದು ನಿಲ್ಲಿಸಲಾರರು. 500 ಮಿ.ಲೀ. ಬಾಟಲಿಯಿಂದ ಮಗುವಿಗೆ ನೇರವಾಗಿ ಎಂದೂ ಬಿಡಬೇಡಿ, ನಡುವೆ ಅಳತೆಯ ಸಣ್ಣ ಡಬ್ಬಿ, ಬ್ಯೂರೆಟ್, ಇರಲಿ. ಬ್ಯೂರೆಟ್‌ಗೆ ಎರಡು ಗಂಟೆಯದಷ್ಟೇ, 10 ಮಿ.ಲೀ., ತುಂಬಿ ಮೇಲಿನ ಕ್ಲಾಂಪ್ ಮುಚ್ಚಿ. ಹನಿ ಹೊಂದಿಸುವ ರೋಲರ್ ಜಾರಿದರೂ ಒಳಹೋಗುವುದು ಅಷ್ಟೇ.

10% ಸಿಗದಿದ್ದರೆ 5% ಡೆಕ್ಸ್‌ಟ್ರೋಸ್ 75 ಮಿ.ಲೀ.ಗೆ 25%ನದು 25 ಮಿ.ಲೀ. ಸೇರಿಸಿದರೆ 100 ಮಿ.ಲೀ. ಸಿದ್ಧ. 25% ಅನ್ನು ಹಾಗೇ ಕೊಟ್ಟರೆ ನಾಳ ಸುಡುತ್ತದೆ. ಹೊರಡುವ ಮೊದಲು ರಕ್ತದ ಸಕ್ಕರೆ ನೋಡಿ, 100 ಮಿ.ಲೀ.ಗೆ 45 ಮಿ.ಗ್ರಾಂಗಿಂತ ಇಳಿದು ಮಗು ಮಂಕಾಗಿದ್ದರೆ ಅಥವಾ ಫಿಟ್ಸ್ ಬಂದಿದ್ದರೆ, ವೈದ್ಯರ ಆದೇಶದಂತೆ 10% ಡೆಕ್ಸ್‌ಟ್ರೋಸ್ ಕೆಜಿಗೆ 2 ಮಿ.ಲೀ. ನಿಧಾನವಾಗಿ ಕೊಟ್ಟು, ಆಮೇಲೆ ಡ್ರಿಪ್ ಮುಂದುವರಿಸಿ. ಲೈನಿಗೆ 0.5 ಮಿ.ಲೀ. ಸಲೈನ್ ಬಿಟ್ಟು ಸಲೀಸಾಗಿ ಹೋಗುತ್ತಿದೆಯೇ ಖಚಿತಪಡಿಸಿಕೊಳ್ಳಿ, ಕೈ ಅಲುಗದಂತೆ ಪಟ್ಟಿ (ಸ್ಪ್ಲಿಂಟ್) ಕಟ್ಟಿ. ಮಗುವನ್ನು ತಾಯಿಯ ಅಥವಾ ಜೊತೆಗೆ ಬಂದವರ ಎದೆಗೆ ಕಟ್ಟಿ, ಡ್ರಿಪ್ ಇರುವ ಕೈಯನ್ನು ಮಾತ್ರ ಹೊದಿಕೆಯಿಂದ ಹೊರಗೆ ಬಿಡಿ. ಮಧುಗಿರಿಯಲ್ಲಿ ಒಮ್ಮೆ, ಕೊರಟಗೆರೆಯಲ್ಲಿ ಒಮ್ಮೆ ಗಾಡಿ ನಿಲ್ಲಿಸಿ ಆ ಕೈ, ಬ್ಯೂರೆಟ್‌ನ ಮಟ್ಟ ಎರಡನ್ನೂ ನೋಡಿ. ರೆಫರಲ್ ಚೀಟಿಯಲ್ಲಿ ಕ್ಯಾನುಲಾ ಹಾಕಿದ ಸಮಯ, ಈವರೆಗೆ ಹೋದ ಮಿ.ಲೀ., ಕೊನೆಯ ಸಕ್ಕರೆ, ಕೊಟ್ಟ ಆಂಟಿಬಯಾಟಿಕ್‌ನ ಹೊತ್ತು ಬರೆದು ಕಳಿಸಿ.