ಪ್ಯಾಂಥರ್‌ಗಳ ತಿಂಡಿ

ಪ್ರಶ್ನೆ: ಬ್ಲ್ಯಾಕ್ ಪ್ಯಾಂಥರ್‌ಗಳು ಅಂದ್ರೆ ಬಂದೂಕು, ಗಲಾಟೆ. ಅಮೆರಿಕಕ್ಕೆ ಅವರಿಂದ ಉಪಯೋಗ ಏನಾಯ್ತು ಸಾರ್?
– ಓದುಗರೊಬ್ಬರು, ಶಿರಸಿ

ಉತ್ತರ: ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಈ ಪಕ್ಷದವರ ಬಂದೂಕಿನ ಫೋಟೊಗಳೇ ಜಾಸ್ತಿ ಓಡಾಡಿದವು, ಅಲ್ವಾ? 1969ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡಿನ ಒಂದು ಚರ್ಚಿನಲ್ಲಿ ಇವರು ಶಾಲೆ ಮಕ್ಕಳಿಗೆ ಪುಕ್ಕಟೆ ತಿಂಡಿ ಶುರು ಮಾಡಿದರು. ಮೊಟ್ಟೆ, ಮೆಕ್ಕೆಜೋಳದ ಗಂಜಿ, ಟೋಸ್ಟು, ಹಾಲು. ಎಫ್‌ಬಿಐ ಮುಖ್ಯಸ್ಥ ಹೂವರ್ ಈ ತಿಂಡಿಗೂ ಹೆದರಿದರು! ಸರ್ಕಾರದ ಶಾಲಾ ತಿಂಡಿ 1966ರಿಂದ ಪ್ರಯೋಗವಾಗಿ ನಡೆದಿತ್ತು, ಕಾಯಂ ಆದದ್ದು 1975ರಲ್ಲಿ. ಅದೆಲ್ಲ ಪ್ಯಾಂಥರ್‌ಗಳದ್ದೇ ಅನ್ನಲಾರೆ, ಒತ್ತಡ ಇದ್ದದ್ದಂತೂ ನಿಜ.

ನನಗೆ ಹೆಚ್ಚು ಹಿಡಿಸಿದ್ದು 1977ರ ಕಥೆ. ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಕಟ್ಟಡದೊಳಗೆ ಅಂಗವಿಕಲರು ಮೂರು ವಾರಕ್ಕೂ ಹೆಚ್ಚು ದಿನ ಜಪ್ಪಯ್ಯ ಅಂದರೂ ಕದಲದೆ ಕೂತರು. ಅವರಿಗೆ ಬಿಸಿ ಊಟ ಹೊತ್ತು ತಂದವರು ಪ್ಯಾಂಥರ್‌ಗಳು. ಕೊನೆಗೆ ಅಂಗವಿಕಲರು ಕೇಳುತ್ತಿದ್ದ, ಪುನರ್ವಸತಿ ಕಾಯ್ದೆಯ 504ನೇ ಕಲಮಿನ ನಿಯಮಗಳಿಗೆ ಸಹಿ ಬಿತ್ತು: ಕೇಂದ್ರದ ದುಡ್ಡು ಪಡೆಯುವ ಶಾಲೆ, ಆಸ್ಪತ್ರೆಗಳು ಅಂಗವಿಕಲರನ್ನು ಹೊರಗಿಡುವಂತಿಲ್ಲ.